ಪೀಕಿಂಗಿನಿಂದ ಬಂದ ಎಲೆಕೋಸಿನ ಕಾಗದ

ಗುಬ್ಬಿಯ ನಮ್ಮ ಬೀದಿಗೆ ಒಂದು ಕಾಗದ ಬಂದರೆ ಅದು ಬೀದಿಗೆಲ್ಲ ಸೇರಿದ್ದು ಎಂದು ತಿಳಿಯುತ್ತಿದ್ದ ಕಾಲ ಅದು. ಸಂಜೆ ಐದೂವರೆಗೆ, ದೀಪ ಹಚ್ಚುವ ಮೊದಲು, ಜಗಲಿಯ ಮೇಲೆ ಗಟ್ಟಿಯಾಗಿ ಓದಬೇಕು. ಅಕ್ಕಪಕ್ಕದವರೆಲ್ಲ ಕೇಳಲು ಬರುತ್ತಿದ್ದರು. ನನ್ನಜ್ಜಿಗೆ ಅಕ್ಷರ ಬಾರದು. ಹಾಗಾಗಿ ಒಂಬತ್ತು ವರ್ಷದ ನಾನೇ ನಮ್ಮ ಮನೆಯ ಓದುಗಾರ್ತಿ.

ಚೀನಾದ ಗಡಿಯಲ್ಲಿ ಯುದ್ಧ ನಡೆದ ವರ್ಷ. ಅಪ್ಪ ಆ ದೇಶದ ರಾಜಧಾನಿ ಪೀಕಿಂಗಿನ ನಮ್ಮ ರಾಯಭಾರ ಕಚೇರಿಯಲ್ಲಿ ಕಿರಿಯ ಅಧಿಕಾರಿ. ಆ ಸಲ ನಮ್ಮನ್ನು ಜೊತೆಗೆ ಕರೆದೊಯ್ದಿರಲಿಲ್ಲ. ಅಮ್ಮ ಹೆರಿಗೆಗೆ ಕುಣಿಗಲ್ಲಿನ ತವರಿಗೆ ಹೋದವಳು ಬಾಣಂತಿಯಾಗಿ ಅಲ್ಲೇ ಇದ್ದಳು. ಶಾಲೆ ತಪ್ಪಬಾರದೆಂದು ನನ್ನನ್ನು ಗುಬ್ಬಿಯಲ್ಲಿ ಅಪ್ಪನ ತಾಯಿಯಾದ ಈ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಆ ಮನೆಯಲ್ಲಿ ಎಲ್ಲಕ್ಕೂ ಒಂದು ಗಂಟೆ ಇತ್ತು. ಐದಕ್ಕೆ ಏಳುವುದು, ಸ್ನಾನ, ಲಿಂಗಪೂಜೆ, ಆಮೇಲೆ ಮಗ್ಗಿ. ಇಂದಿಗೂ ನಾನು ಐದಕ್ಕೇ ಏಳುತ್ತೇನೆ.

ಅವರೆಕಾಯಿ ಬರತೊಡಗಿದ ದಿನಗಳು. ಹೆಂಗಸರು ಜಗಲಿಯ ಮೇಲೆ ಕಾಯಿ ಸುಲಿಯುತ್ತ ಕೂತರೆ ಬೀದಿಯಿಡೀ ಸೊಗಡು. ಆದರೆ ನನಗೆ ಆ ಬೀದಿ ಇಕ್ಕಟ್ಟಾಗಿತ್ತು. ಕುಂಟೆಬಿಲ್ಲೆಗೆ ಹೋದರೆ ಹುಡುಗಿಯರು, "ಚೀನಾದೋಳು ಬಂದ್ಳು ಕಣೇ, ಬಿಲ್ಲೆ ಎತ್ಕೊಳ್ರೇ" ಎನ್ನುತ್ತಿದ್ದರು. ಎದುರುಮನೆಯ ಕೊಬ್ಬರಿ ವ್ಯಾಪಾರಿ ಚನ್ನಪ್ಪನವರು ದಿನವೂ ಕೇಳುತ್ತಿದ್ದರು, "ಏನವ್ವ, ನಿಮ್ಮಪ್ಪ ಇನ್ನೂ ಅವ್ರ ಊರಲ್ಲೇ ಉಣ್ತಾ ಕೂತವ್ನಾ?"

ಆಗ ಅಪ್ಪನ ಕಾಗದ ಬಂತು. ಅವರ ಕಾಗದಗಳು ಕಚೇರಿಯ ಪತ್ರಗಳ ಜೊತೆ ಸರ್ಕಾರದ ಚೀಲದಲ್ಲಿ ದೆಹಲಿಗೆ ಬಂದು, ಅಲ್ಲಿಂದ ಅಂಚೆಗೆ ಬೀಳುತ್ತಿದ್ದವು. ಅವತ್ತು ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಓದಿದೆ: "ನಾನು ಕ್ಷೇಮ. ಇಲ್ಲಿ ಚಳಿ ಹೆಚ್ಚಾಗಿದೆ. ಬೀದಿ ಬದಿಯಲ್ಲೆಲ್ಲ ಎಲೆಕೋಸಿನ ರಾಶಿ ಹಾಕಿದ್ದಾರೆ. ಚಳಿಗಾಲಕ್ಕೆ ಕೂಡಿಡುವುದು ಇಲ್ಲಿಯ ರೂಢಿ. ದಿನವೂ ಕಚೇರಿಗೆ ನಡೆದು ಹೋಗುತ್ತೇನೆ. ಎರಡು ಜೊತೆ ಉಣ್ಣೆಯ ಕಾಲುಚೀಲ ಸಿಕ್ಕಿವೆ."

"ಅಲ್ಲಿ ನಮ್ ಹುಡುಗ್ರು ಸಾಯ್ತಾವ್ರೆ, ಈವಯ್ಯ ಕೋಸು ನೋಡ್ಕಂಡು ನಿಂತವ್ನಲ್ಲ!" ಎಂದರು ಚನ್ನಪ್ಪನವರು. ಜಗಲಿಯೆಲ್ಲ ನಕ್ಕಿತು. ಅಜ್ಜಿ ತಲೆ ತಗ್ಗಿಸಿ ಅವರೆಕಾಯಿ ಸುಲಿಯುತ್ತಲೇ ಇದ್ದಳು.

"ಇನ್ನೂ ಐತೆ" ಎಂದೆ. ಹಾಳೆ ತಿರುವಿದೆ. ಹಿಂದೆ ಖಾಲಿ. ಆ ಖಾಲಿಯನ್ನೇ ನೋಡುತ್ತ ಓದಿದೆ: "ನಿನ್ನೆ ಅವರ ಮಂತ್ರಿಯ ಎದುರು ಮೇಜು ಗುದ್ದಿ, ಒಂದು ಅಂಗುಲ ನೆಲವನ್ನೂ ಬಿಡುವುದಿಲ್ಲ ಎಂದು ಹೇಳಿ ಬಂದೆ. ಅವರು ಕೆಂಡವಾದರು."

"ಅಂಗನ್ನು! ನಮ್ಮೂರ ಗಂಡು ಕಣ್ರೋ!" ಚನ್ನಪ್ಪನವರು ಎದ್ದೇ ನಿಂತರು.

ಮರುದಿನ ಕುಂಟೆಬಿಲ್ಲೆಯಲ್ಲಿ ಮೊದಲ ಆಟ ನನ್ನದು. ಕಾಗದವನ್ನು ಓದಿದ ಮೇಲೆ ಕುಣಿಗಲ್ಲಿಗೆ ಕಳಿಸುವುದು ವಾಡಿಕೆ. ಅದನ್ನು ನಾನು ಲೆಕ್ಕದ ಪುಸ್ತಕದೊಳಗೆ ಬಚ್ಚಿಟ್ಟೆ.

ಎಂಟನೆಯ ದಿನ, ಭಾನುವಾರ ಬೆಳಿಗ್ಗೆ, ಅಮ್ಮನ ತಮ್ಮ ಬಂದ. ಯಾವಾಗಲೂ ನನ್ನ ಜಡೆ ಎಳೆದು ನಗಿಸುವ ಮಾವ ಅವತ್ತು ನನ್ನ ಕಡೆ ನೋಡಲಿಲ್ಲ.

"ಅತ್ತೆ, ಭಾವನ ಕಾಗ್ದ ಎಲ್ಲಿ? ಭಾವ ಚೀನಾ ಮಂತ್ರಿ ಮುಂದೆ ಮೇಜು ಗುದ್ದಿದ್ರು ಅಂತ ಚನ್ನಪ್ಪನೋರು ಕುಣಿಗಲ್ ಸಂತೇಲಿ ಹೇಳ್ಕಂಡು ತಿರುಗ್ತಾವ್ರೆ. ಅದ್ಕೇ ಭಾವನ್ನ ಜೈಲಿಗೆ ಹಾಕ್ಬುಟ್ಟವ್ರೆ ಅಂತ ತಿಳ್ಕಂಡು ಅಕ್ಕ ಮೂರು ದಿನದಿಂದ ಊಟ ಬುಟ್ಟವ್ಳೆ. ಹಾಲು ಬತ್ತೋಗೈತೆ. ಮಗು ಒಂದೇ ಸಮನೆ ಅಳ್ತೈತೆ."

ಪುಸ್ತಕದಿಂದ ಕಾಗದ ತೆಗೆದುಕೊಟ್ಟೆ. ಮಾವ ಓದಿದ. ತಿರುವಿದ. ಖಾಲಿ ಬದಿಯನ್ನು ಅಜ್ಜಿಗೆ ತೋರಿಸಿದ. ಓದು ಬಾರದ ಅಜ್ಜಿಗೂ ಅದು ಅರ್ಥವಾಯಿತು. ಹೊಡೆಯುತ್ತಾಳೆಂದು ಕಣ್ಣು ಮುಚ್ಚಿ ನಿಂತೆ.

"ಬೇರೆ ಲಂಗ ಹಾಕ್ಕೊ. ಹತ್ತು ಗಂಟೆಗೆ ಬಸ್ಸು" ಎಂದಳು ಅಜ್ಜಿ. "ಓದಿದೋಳು ನೀನು. ಹೋಗಿ ಅಲ್ಲೂ ನೀನೇ ಓದು."

ತುಮಕೂರಿನಲ್ಲಿ ಬಸ್ಸು ಬದಲಿಸಿದೆವು. ಹೆಬ್ಬೂರು ದಾಟಿ ಕುಣಿಗಲ್ಲು ಸೇರಿದೆವು.

ಬಾಣಂತಿಯ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿಯ ವಾಸನೆ. ಅಮ್ಮ ತಲೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಒರಗಿದ್ದಳು. ಬಾಣಂತಿ ಕಣ್ಣಿಗೆ ಶ್ರಮ ಕೊಡಬಾರದೆಂದು ಅವಳಿಗೆ ಏನನ್ನೂ ಓದಲು ಬಿಡುತ್ತಿರಲಿಲ್ಲ. ನಾನು ಓದಿದೆ. ಮುಗಿದ ಮೇಲೆ ಅವಳು, "ಇನ್ನೊಂದ್ಸಲ" ಎಂದಳು. ಮತ್ತೆ ಓದಿದೆ.

"ನಡ್ಕೊಂಡು ಹೋಗ್ತೀನಿ ಅಂತ ಬರ್ದವ್ರಾ?"

"ಹ್ಞೂಂ."

"ಅಂಗಾರೆ ಹೊರಗೆ ಓಡಾಡಕ್ಕೆ ಬಿಟ್ಟವ್ರೆ. ಕಾಲುಚೀಲ ತಂದ್ಕೊಡಕ್ಕೆ ಯಾರೋ ಒಬ್ರು ಅವ್ರೆ." ಕಾಗದದ ಮೇಲೆ ಕೈಯಾಡಿಸಿ, "ಕೋಸು ನೋಡಕ್ಕೆ ಮನಸ್ಸು ಬಂದೈತೆ ಅಂದ್ರೆ ಜೀವ ಗಟ್ಟಿಯಾಗೈತೆ" ಎಂದಳು. ಆಮೇಲೆ ಕೇಳಿದಳು, "ಮೇಜು?"

"ನಾನೇ ಸೇರಿಸ್ದೆ."

ಕೆನ್ನೆಗೆ ಬಿತ್ತು. ಅದೇ ಕೈಯಿಂದ ನನ್ನನ್ನು ಎಳೆದುಕೊಂಡಳು. "ಗುದ್ದೋದು ಅವ್ರ ಕೆಲ್ಸ ಅಲ್ಲ ಕಣೇ. ಇವತ್ತು ಗುದ್ದಿದ್ರೆ ನಾಳೆ ಎದುರಿಗೆ ಯಾರು ಕೂರ್ತಾರೆ?" ಎಂದು, ಒಳಗೆ ಕೂಗಿದಳು, "ಅವ್ವಾ, ಅನ್ನ ತಗೊಂಬಾ."

ಅಪ್ಪ ಮರಳಿ ಬಂದರು. ಇನ್ನೂ ನಾಲ್ಕು ದೇಶಗಳಲ್ಲಿ ಕೆಲಸ ಮಾಡಿ ನಿವೃತ್ತರಾದರು. ಪೀಕಿಂಗಿನಲ್ಲಿ ಏನು ಮಾಡಿದಿರಿ ಎಂದು ಒಮ್ಮೆ ಕೇಳಿದೆ. "ದಿನಾ ಕಚೇರಿ ಬಾಗ್ಲು ತೆಗೀತಿದ್ವಿ. ಅವ್ರು ಕರೆದ್ರೆ ಹೋಗ್ತಿದ್ವಿ" ಎಂದರು, ಅಷ್ಟೇ. ಈಗ ಗಡಿಯಲ್ಲಿ ಏನಾದರೂ ಆದರೆ ಮೊಬೈಲಿನಲ್ಲಿ ಎಲ್ಲರೂ ಮೇಜು ಗುದ್ದುತ್ತಾರೆ. ಒಂಬತ್ತು ವರ್ಷಕ್ಕೆ ನಾನೂ ಅದನ್ನೇ ಮಾಡಿದ್ದರಿಂದ ಯಾರನ್ನೂ ಬೈಯಲು ಬಾಯಿ ಬರುವುದಿಲ್ಲ.

ಪ್ರತಿ ದೇಶದಿಂದಲೂ ಅಪ್ಪ ಅಂಥ ಸಪ್ಪೆ ಕಾಗದವನ್ನೇ ಬರೆದರು. ಅಮ್ಮ ಎರಡು ಸಲ ಓದಿಸಿ, ಅವರು ಬರೆಯದೆ ಬಿಟ್ಟದ್ದನ್ನೂ, ಜ್ವರ ಬಂದು ಹೋದದ್ದನ್ನೂ ಹೇಳಿಬಿಡುತ್ತಿದ್ದಳು. ಅವಳೇ ಮೊದಲು ತೀರಿಕೊಂಡಳು. ಆಮೇಲೆ ಅಪ್ಪ ತುಮಕೂರಿನಲ್ಲಿ ನನ್ನ ಜೊತೆಗಿದ್ದರು. ದಿನವೂ ಬೆಳಿಗ್ಗೆ ಎಂಟಕ್ಕೆ ಕಾಫಿ ಕೊಟ್ಟು, ಹೇಗಿದ್ದೀರಿ ಎಂದು ಕೇಳುತ್ತಿದ್ದೆ. "ಚೆನ್ನಾಗಿದೀನಿ ಕಣವ್ವ" ಎನ್ನುತ್ತಿದ್ದರು. ಲೋಟ ತೆಗೆದುಕೊಂಡು ಒಳಗೆ ಹೋಗುತ್ತಿದ್ದೆ. ಆರು ತಿಂಗಳಿಂದ ನೋವು ತಿನ್ನುತ್ತಿದ್ದರೆಂದು ಡಾಕ್ಟರು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಅಮ್ಮ ಇದ್ದಿದ್ದರೆ, "ಇನ್ನೊಂದ್ಸಲ ಹೇಳಿ" ಎನ್ನುತ್ತಿದ್ದಳು.