ಆಶಾಲತಾ ಟೀಚರ ಬಿದಿರು ಕಡ್ಡಿಗಳು

ಕುವೈತಿನ ಸಾಲ್ಮಿಯಾದಲ್ಲಿ ಮಕ್ಕಳಿಗೆ ಕೆಮಿಸ್ಟ್ರಿ ತಲೆಗೆ ಹತ್ತದಿದ್ದರೆ ನಮ್ಮ ಕಡೆಯವರು ಹೇಳುತ್ತಿದ್ದುದು ಒಂದೇ ಹೆಸರು, ಆಶಾಲತಾ ಟೀಚರ್. ಕಟಪಾಡಿಯವರು. ಗಂಡ ರೋಹಿದಾಸ ಒಂದು ಟ್ರೇಡಿಂಗ್ ಕಂಪೆನಿಯ ಆಫೀಸಿನಲ್ಲಿ. ಮದುವೆಯಾಗಿ ಕುವೈತಿಗೆ ಬಂದ ಹೊಸತರಲ್ಲಿ ಹೊತ್ತು ಹೋಗದೆ ಪಕ್ಕದ ಮನೆಯ ಮಗುವಿಗೆ ಪಾಠ ಹೇಳಿಕೊಟ್ಟದ್ದು, ಬರಬರುತ್ತ ಹಾಲಿನ ಸೋಫಾ ತೆಗೆದು ಬೆಂಚು ಹಾಕಿಸುವಷ್ಟಾಯಿತು. ಬೈದು ಗೊತ್ತಿಲ್ಲದ ಟೀಚರ್. ತಪ್ಪು ಬರೆದವರ ತಲೆ ಸವರಿ, "ಇನ್ನೊಂದ್ಸಲ ನೋಡು ಮಗಾ" ಎನ್ನುವವರು. ಹೆದರಿದ ಮಕ್ಕಳ ಮುಖ ಕಂಡರೆ ಅವರ ಕರುಳು ಚುರ್ ಎನ್ನುತ್ತಿತ್ತು. ಆ ಕರುಳೇ ಕೆಲಸ ಕೆಡಿಸಿತು ಎಂದು ರೋಹಿದಾಸ ಈಗಲೂ ಹೇಳುವುದುಂಟು.

ಎದುರು ಫ್ಲ್ಯಾಟಿನಲ್ಲಿ ಮಲೇಷ್ಯಾದ ಪಿನಾಂಗಿನ ಚೀನೀ ಹೆಂಗಸು ಸ್ಯೂ ಫಾಂಗ್ ಇದ್ದಳು. ಕೆಲಸ ಬಿಟ್ಟು ಊರಿಗೆ ಹೊರಟಾಗ, ಬಿದಿರಿನ ಕೊಳವೆಯೊಂದನ್ನು ಟೀಚರ ಕೈಗಿಟ್ಟಳು. ಅದರ ತುಂಬ ಕಡ್ಡಿಗಳು, ಒಂದೊಂದರ ಮೇಲೂ ಒಂದೊಂದು ಸಂಖ್ಯೆ. ಜೊತೆಗೆ ಆ ಸಂಖ್ಯೆಗಳ ಫಲ ಹೇಳುವ ಇಂಗ್ಲಿಷ್ ಪುಸ್ತಿಕೆ. ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟು ಕೊಳವೆಯನ್ನು ಓರೆಮಾಡಿ ಅಲ್ಲಾಡಿಸಬೇಕು. ಕೆಳಗೆ ಬಿದ್ದ ಕಡ್ಡಿಯೇ ಉತ್ತರ. ಪರೀಕ್ಷೆಗೆ ಮುಂಚೆ ಅವಳ ತಾಯಿ ಮಕ್ಕಳನ್ನು ದೇವಸ್ಥಾನಕ್ಕೆ ಕರೆದೊಯ್ದು ಹೀಗೆ ಕೇಳಿಸುತ್ತಿದ್ದಳಂತೆ. ಲಿಫ್ಟಿನ ಹತ್ತಿರ ಹೋದವಳು ತಿರುಗಿ ನಿಂತು, "ಒಮ್ಮೆ ಕೇಳಿದ್ದನ್ನು ಮತ್ತೆ ಕೇಳಬೇಡ ಆಶಾ, ಅದು ಒಳ್ಳೆಯದಲ್ಲ" ಅಂದಳು. ಟೀಚರ್ ನಕ್ಕು ತಲೆಯಾಡಿಸಿದರು.

ಮಕ್ಕಳಿಗೆ ಅದು ಆಟವಾಯಿತು. ಪಾಠ ಮುಗಿದ ಮೇಲೆ ಒಬ್ಬೊಬ್ಬರೇ ಅಲ್ಲಾಡಿಸುವುದು, ಟೀಚರ್ ಫಲ ಓದುವುದು. 'ತಡವಾಗಿಯಾದರೂ ಕೀರ್ತಿ' ಎಂದು ಬಂದ ಲತೀಶ್ ಅಂದಿನಿಂದ ಹಟ ಹಿಡಿದು ಓದತೊಡಗಿದ. ಹೇಗೂ ಓದುತ್ತಾರಲ್ಲ, ಒಳ್ಳೆಯದೇ ಆಯಿತು ಎಂದುಕೊಂಡರು ಟೀಚರ್. ಆಮೇಲೆ ಅಮ್ಮಂದಿರೂ ಬರತೊಡಗಿದರು. ಕಾಮರ್ಸೋ ಸೈನ್ಸೋ, ಮಂಗಳೂರೋ ಮಣಿಪಾಲವೋ ಎಂದು ಕೇಳುವವರಿಗೆ ಬೇಡ ಎನ್ನಲು ಟೀಚರಿಗೆ ಬಾಯಿ ಬರಲಿಲ್ಲ.

ಆ ಬೆಂಚಿನ ಮೇಲೆ ಎಲ್ಲರಿಗಿಂತ ಜಾಣೆ ಆಯಿಶತ್ ನಿಶಾ. ಪಕ್ಕದ ಹವಲ್ಲಿಯಲ್ಲಿ ಮೊಬೈಲ್ ಅಂಗಡಿ ಇಟ್ಟ ಉಮ್ಮರ್ ಕುಂಞಿಯವರ ಮಗಳು, ನೀಟ್ ಪರೀಕ್ಷೆಗೆ ಓದುತ್ತಿದ್ದವಳು. ಅವಳು ಕೊಳವೆ ಮುಟ್ಟಿದ್ದು ಎಲ್ಲರ ಕೊನೆಗೆ, ಗೆಳತಿಯರ ಒತ್ತಾಯಕ್ಕೆ. ಬಿದ್ದ ಕಡ್ಡಿಯ ಫಲ ಓದುತ್ತಿದ್ದಂತೆ ಟೀಚರ ದನಿ ಸಣ್ಣದಾಯಿತು. 'ಮಂಜು ಕವಿದ ನದಿ, ದೋಣಿ ಬಿಡಬೇಡ. ವಿದ್ಯೆಗೆ ಫಲವಿಲ್ಲ.'

"ಸುಮ್ನೆ ತಮಾಷೆ ಅಲ್ವಾ ಮಗಾ. ಇನ್ನೊಂದ್ಸಲ ಹಾಕು" ಎಂದರು, ಅವಳ ಮುಖ ನೋಡಲಾಗದೆ.

ನಿಶಾ ಮತ್ತೆ ಅಲ್ಲಾಡಿಸಿದಳು. ಅಷ್ಟು ಕಡ್ಡಿಗಳ ನಡುವಿನಿಂದ ಅದೇ ಕಡ್ಡಿ ಜಾರಿ ಬಂದು ನೆಲಕ್ಕೆ ಬಿತ್ತು. ಯಾರೂ ನಗಲಿಲ್ಲ.

ಕೆಲವು ದಿನ ಕಳೆದು ಅವಳ ತಾಯಿ ಸುಲೈಖಾ ಬಂದರು. ಬೆಂಚಿನ ತುದಿಯಲ್ಲಿ ಕೂತು ಬುರ್ಖಾದ ಅಂಚನ್ನು ಬೆರಳಿಗೆ ಸುತ್ತುತ್ತ, "ಟೀಚರೇ, ಅವಳು ಪುಸ್ತಕ ಬಿಚ್ಚುದೇ ಇಲ್ಲ. ಕೇಳಿದ್ರೆ, ಓದಿ ಎಂತ ಪ್ರಯೋಜನ ಉಮ್ಮ, ಬಂದಾಯ್ತಲ್ಲ ಅಂತಾಳೆ. ಎಂತ ಬಂದದ್ದು ಟೀಚರೇ? ನಮ್ಮವರಿಗೆ, ಅವಳ ಉಪ್ಪನಿಗೆ ಗೊತ್ತಾದ್ರೆ ನಮಗೆ ಉಳಿಗಾಲ ಇಲ್ಲ" ಎಂದರು.

ಮರುದಿನ ಟೀಚರ್ ಪುಸ್ತಿಕೆ ನೋಡಿ ನೋಡಿ ಕೆಟ್ಟ ಫಲದ ಕಡ್ಡಿಗಳನ್ನೆಲ್ಲ ಆರಿಸಿ ಅಡುಗೆಮನೆಯ ಕಪಾಟಿನಲ್ಲಿಟ್ಟರು. ಸಂಜೆ ನಿಶಾಳನ್ನು ಒಬ್ಬಳೇ ಕೂರಿಸಿ ಕೊಳವೆ ಕೊಟ್ಟರು. "ಕೊನೆಯ ಸಲ. ನನಗೋಸ್ಕರ."

'ಡ್ರ್ಯಾಗನ್ ಬಾಗಿಲು ದಾಟಿದ ಮೀನು' ಎಂದು ಬಂತು. ಪರೀಕ್ಷೆ ಬರೆಯುವವರಿಗೆ ಅದಕ್ಕಿಂತ ಒಳ್ಳೆಯ ಫಲವಿಲ್ಲ. ಟೀಚರ್ ಚಪ್ಪಾಳೆ ತಟ್ಟಿದರು. ನಿಶಾಳ ಮುಖವೂ ಒಂದು ಗಳಿಗೆ ಅರಳಿತು. ಕಡ್ಡಿಯನ್ನು ವಾಪಸು ಹಾಕಲು ಕೊಳವೆ ಎತ್ತಿದವಳು ಹಾಗೇ ನಿಂತಳು. ಕೈಯಲ್ಲಿ ತೂಗಿ ನೋಡಿದಳು.

"ಟೀಚರ್, ಇದು ಹಗುರ ಆಗಿದೆ."

ಆಶಾಲತಾರ ಕಣ್ಣು ಅಡುಗೆಮನೆಯ ಕಪಾಟಿನ ಕಡೆ ಹೋಯಿತು.

"ತೆಗೆದಿದ್ದೀರಿ ಅಲ್ವಾ? ತೆಗೀಬೇಕು ಅಂತ ನಿಮಗೆ ಅನ್ನಿಸ್ತಲ್ಲ, ಹಾಗಾದ್ರೆ ನೀವೂ ಅದನ್ನ ನಂಬಿದ್ದೀರಿ." ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು ಎನಿಸಿತು ಟೀಚರಿಗೆ.

ಪರೀಕ್ಷೆಯ ದಿನ ಅವರೂ ಕೇಂದ್ರದ ಹೊರಗೆ ಬಿಸಿಲಲ್ಲಿ ಕಾದರು. ಮಕ್ಕಳೆಲ್ಲ ಗಲಗಲ ಮಾತಾಡುತ್ತ ಬಂದ ಮೇಲೆ ನಿಶಾ ಮೆಲ್ಲಗೆ ಬಂದಳು. "ಗೊತ್ತಿದ್ದದ್ದನ್ನೂ ಬರೀಲಿಲ್ಲ ಟೀಚರ್. ಇದು ಸರಿ ಅಂತ ಅನ್ನಿಸಿದಾಗೆಲ್ಲ ಹೆದರಿಕೆ ಆಯ್ತು." ಫಲಿತಾಂಶ ಏನೆಂದು ತಿಳಿಯಲು ಯಾರೂ ಕಾಯಬೇಕಾಗಿರಲಿಲ್ಲ.

ಅದು ಬಂದ ವಾರವೇ ಉಮ್ಮರ್ ಕುಂಞಿ ಮನೆಗೆ ಬಂದರು. ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತರು.

"ಮಗಳು ಎಲ್ಲ ಹೇಳಿದ್ಳು. ನಮ್ಮಲ್ಲಿ ಇದು ಹರಾಮ್ ಟೀಚರೇ, ನಿಮಗೆ ಗೊತ್ತಿಲ್ವಾ? ನಾನು ಯಾರಿಗೂ ಹೇಳುದಿಲ್ಲ. ಆದ್ರೆ ಬಿಲ್ಡಿಂಗಲ್ಲಿ ಮಾತು ಉಂಟು. ಇಲ್ಲಿಯವರು ಇದಕ್ಕೆ ಮಾಟ ಅಂತಾರೆ. ಯಾರಾದ್ರೂ ಒಂದು ಫೋನ್ ಮಾಡಿದ್ರೆ ನಿಮ್ಮ ಇಕಾಮಾ ಖಲಾಸ್, ಊರಿಗೆ ಕಳಿಸಿಬಿಡ್ತಾರೆ."

ಅವರು ಹೋದ ಮೇಲೆ ರೋಹಿದಾಸ ಕೊಳವೆ, ಕಡ್ಡಿ, ಪುಸ್ತಿಕೆ ಎಲ್ಲವನ್ನೂ ಚೀಲಕ್ಕೆ ತುಂಬಿ ಕೆಳಗಿನ ಕಸದ ತೊಟ್ಟಿಗೆ ಹಾಕಿ ಬಂದ. ಆದರೆ ಭಯವನ್ನು ಹೊರಗೆ ಹಾಕಲಾಗಲಿಲ್ಲ. ಕಾಲಿಂಗ್ ಬೆಲ್ ಸದ್ದಾದರೆ ಆಶಾಲತಾ ಒಲೆ ಆರಿಸಿ ಉಸಿರು ಬಿಗಿಹಿಡಿಯುತ್ತಿದ್ದರು. ಲಿಫ್ಟಿನಲ್ಲಿ ಅಪರಿಚಿತರಿದ್ದರೆ ಮೆಟ್ಟಿಲು ಹತ್ತುತ್ತಿದ್ದರು. ಪಾಠಕ್ಕೆ ಬರುವುದನ್ನು ಮಕ್ಕಳು ಒಬ್ಬೊಬ್ಬರಾಗಿ ನಿಲ್ಲಿಸಿದರು. ಯಾವ ಅಮ್ಮನೂ ಕಾರಣ ಹೇಳಲಿಲ್ಲ.

ಮುಂದಿನ ವರ್ಷ ಸಾಲ್ಮಿಯಾದ ಕಡಲ ದಂಡೆಯ ದಾರಿಯಲ್ಲಿ, ರಜೆಗೆ ಬಂದಿದ್ದ ನಿಶಾ ಸಿಕ್ಕಳು. ಊರಲ್ಲಿ, ದೇರಳಕಟ್ಟೆಯ ಅಜ್ಜಿಯ ಮನೆಯಿಂದ ಬಿ.ಎಸ್ಸಿ.ಗೆ ಹೋಗುತ್ತಿದ್ದಳು. ಸೊರಗಿದ್ದಳು. "ಚೆನ್ನಾಗಿ ಓದ್ತಿದ್ದೀಯಾ?" ಎಂದು ಟೀಚರ್ ಕೇಳಿದರು.

"ಕೆಲವು ದಿನ ಕ್ಲಾಸಿಗೆ ಹೋಗ್ತೇನೆ ಟೀಚರ್. ಹೋಗಬಹುದು ಅಂತ ಬಂದ ದಿನ." ನಿಶಾ ಫೋನ್ ತೋರಿಸಿದಳು. ಪರದೆಯ ಮೇಲೆ ಬಿದಿರಿನ ಕೊಳವೆಯ ಚಿತ್ರ. ಫೋನ್ ಅಲ್ಲಾಡಿಸಿದರೆ ಕಡ್ಡಿ ಹಾರಿ ಬೀಳುತ್ತದೆ. ಯಾವ ಪುಸ್ತಕ, ಯಾವ ಅಧ್ಯಾಯ, ಯಾವ ಪರೀಕ್ಷೆ ಎಂದು ಎಲ್ಲವನ್ನೂ ಅದಕ್ಕೇ ಕೇಳುತ್ತಾಳಂತೆ. "ಇದರಿಂದ ಯಾರಿಗೂ ಏನೂ ತೆಗೀಲಿಕ್ಕೆ ಆಗುದಿಲ್ಲ."

ಬೈಯಬೇಕು, ಫೋನ್ ಕಿತ್ತು ಸಮುದ್ರಕ್ಕೆ ಎಸೆಯಬೇಕು ಎಂದುಕೊಂಡರು ಆಶಾಲತಾ. ಆದರೆ ಬಾಯಿಂದ ಬಂದದ್ದು ಬೇರೆಯೇ ಮಾತು.

"ಇವತ್ತು ಏನು ಬಂತು ಮಗಾ?"

ನಿಶಾ ಫೋನನ್ನು ಬ್ಯಾಗಿನೊಳಗಿಟ್ಟು, ಟೀಚರ ಕೈಯನ್ನು ಒಮ್ಮೆ ಬಿಗಿಯಾಗಿ ಹಿಡಿದು, ಬಿಟ್ಟು ನಡೆದಳು.