ಹೊತ್ತು ಮುಳುಗುವ ಮೊದಲು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಲಗ್ನವಾಗಿ ಜುಗೂಳಕ್ಕೆ ಬಂದ ಮೊದಲ ವಾರವೇ ನಮ್ಮತ್ತೆ, "ಇದರ ಕಾಲಾಗ ಚಕ್ರ ಐತಿ" ಎಂದಿದ್ದರು. ಅಂಥವಳು ತೊಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಮೂರು ದಿನ ಶಾಲೆಯ ಗೋಡೆಗೆ ಒರಗಿ ಕೂತಿದ್ದೆ. ಕೃಷ್ಣೆ ಊರೊಳಗೆ ನುಗ್ಗಿದ ಬೆಳಿಗ್ಗೆ ನೀರಿನಲ್ಲಿ ಕಾಣದ ತಗಡೊಂದು ನನ್ನ ಅಂಗಾಲು ಸೀಳಿತ್ತು. ಅತ್ತೆಯನ್ನು ಹೊತ್ತು ದೋಣಿಗೆ ಹಾಕಿದ ನನ್ನ ಗಂಡ, ಎಮ್ಮೆಗಳನ್ನು ಬಿಟ್ಟು ಬರಲಾರೆ ಎಂದು ಊರ ದಿಬ್ಬದ ಮೇಲೆಯೇ ಉಳಿದುಬಿಟ್ಟ. ನಾವು ಕಾಗವಾಡದ ರಸ್ತೆಯಲ್ಲಿ ಎತ್ತರಕ್ಕಿದ್ದ ಒಂದು ಶಾಲೆ ಸೇರಿದೆವು. ನಾಲ್ಕು ಕೋಣೆ, ಒಂದು ಪಡಸಾಲೆ, ಅದರ ತುಂಬ ನಮ್ಮೂರ ಮಂದಿ. ಒದ್ದೆ ಕೌದಿಯ ವಾಸನೆಗೆ ತಲೆ ಸಿಡಿಯುತ್ತಿತ್ತು.

ನಾವು ಜೈನರು. ನನ್ನ ಅತ್ತೆಯ ನಿಯಮ ಊರಿಗೇ ಗೊತ್ತಿದ್ದ ಸಂಗತಿ. ಹೊತ್ತು ಮುಳುಗಿದ ಮೇಲೆ ತುತ್ತು ಅನ್ನ ಮುಟ್ಟಿದವರಲ್ಲ, ಬಟ್ಟೆಯಲ್ಲಿ ಸೋಸದ ನೀರು ಕುಡಿದವರಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿ ಬಿದ್ದ ಅಡುಗೆಯ ಹತ್ತಿರವೂ ಹೋದವರಲ್ಲ. ನಾನೂ ಮನೆಯಲ್ಲಿ ಹಾಗೇ ಇದ್ದೆ. ಆದರೆ ಹೊಟ್ಟೆ ಚುರುಗುಟ್ಟಿದರೆ ನನ್ನ ನಿಯಮ ನಿಲ್ಲುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ! ಶಾಲೆಗೆ ಕಾಗವಾಡದಿಂದ ದಿನಕ್ಕೊಮ್ಮೆ ಟ್ರ್ಯಾಕ್ಟರಿನಲ್ಲಿ ಊಟ ಬರುತ್ತಿತ್ತು. ಎಲ್ಲ ಕಡೆ ಹಂಚಿ, ನೀರು ನಿಂತಲ್ಲಿ ಸುತ್ತು ಹಾಕಿ ನಮ್ಮಲ್ಲಿಗೆ ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಅನ್ನ, ಉಳ್ಳಾಗಡ್ಡಿ ಸಾರು. ನಾನು ಮೊದಲ ದಿನವೇ ಉಂಡೆ. ಅತ್ತೆ ಮುಖ ತಿರುಗಿಸಿ ಮಲಗಿದರು. ಬೆಳಗಿನವರೆಗೆ ತೆಗೆದಿಡೋಣವೆಂದರೆ ತಂಗಳೂ ಅವರಿಗೆ ನಡೆಯದು. ಬೆಳಿಗ್ಗೆ ಕೊಡುತ್ತಿದ್ದ ಚುರುಮುರಿ ಜಗಿಯಲು ಅವರಿಗೆ ಹಲ್ಲಿರಲಿಲ್ಲ. ನೀರಲ್ಲಿ ನೆನೆಸಿ ಕೊಟ್ಟರೆ ಒಂದೆರಡು ಕಾಳು ನುಂಗಿ ಉಳಿದದ್ದನ್ನು ಉಗುಳಿದರು.

ಎರಡನೆಯ ದಿನ ಅವರಿಗೆ ಜ್ವರ ಬಂತು. ಮೂರನೆಯ ದಿನ ಮಧ್ಯಾಹ್ನ ಬಂದ ಕಂಪೌಂಡರ್ ಗುಳಿಗೆಯ ಪೊಟ್ಟಣ ನನ್ನ ಕೈಯಲ್ಲಿಟ್ಟು, "ಖಾಲಿ ಹೊಟ್ಟಿ ಮ್ಯಾಲ ಕೊಡಬ್ಯಾಡ್ರಿ, ತಡಕೊಳ್ಳಾಂಗಿಲ್ಲ. ಆದ್ರ ಇವತ್ತ ಕೊಡಲಿಲ್ಲಂದ್ರ ನಾಳಿ ನಾ ಏನ ಹೇಳಾಕ ಬರಂಗಿಲ್ಲ" ಎಂದ. ಗಂಡ ಬಂದು "ಅವ್ವ ಎಲ್ಲಿ?" ಎಂದು ಕೇಳಿದರೆ ಏನು ಹೇಳಲಿ?

ಅಂಜಿಕೆ ಬಂದರೆ ನನಗೆ ಮೊದಲು ಬರುವುದು ಸಿಟ್ಟು. "ಅತ್ತಿ, ಇವತ್ತ ರಾತ್ರಿ ಟ್ರ್ಯಾಕ್ಟರ್ ಬಂದ ಕೂಡಲೇ ನೀವು ಉಣ್ಣಬೇಕು. ದೇವ್ರೇನ ನಿಮ್ಮ ಬಾಯಾಗ ಇಣಿಕಿ ನೋಡಾಂಗಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಒದರಿದೆ.

ಅವರು ಕಣ್ಣು ಸಹ ತೆರೆಯಲಿಲ್ಲ. "ದೇವ್ರ ನೋಡ್ಲಿ ಅಂತ ಮಾಡಿಲ್ಲವ್ವಾ ನಾ" ಎಂದರು.

"ಮತ್ತ ಯಾರ ಸಲುವಾಗಿ ಮಾಡೀರಿ? ನನ್ನ ಜೀವಾ ತಿನ್ನೂ ಸಲುವಾಗ್ಯಾ?"

ಪಕ್ಕದಲ್ಲಿ ಕೂತವರು ನೆಲ ನೋಡಿದರು. ಬೈದ ಮೇಲೆ ನನಗೇ ಅಳು ಬಂತು. ಅದನ್ನು ಯಾರಿಗೂ ತೋರಿಸಬಾರದೆಂದು ಎದ್ದು ಕುಂಟುತ್ತ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಓಡಾಡತೊಡಗಿದೆ. ಕಾಲಿನ ಬಟ್ಟೆ ಮತ್ತೆ ಕೆಂಪಾಯಿತು.

ಆಗ ಎದ್ದು ಬಂದವಳು ಕುರುಬರ ಹೆಂಗಸು. ಗಂಡ ಕುರಿಗಳೊಡನೆ ದೂರದ ಮರಡಿ ಗುಡ್ಡ ಸೇರಿದ್ದ, ಇವಳೊಬ್ಬಳೇ ನಮ್ಮೊಡನೆ ದೋಣಿ ಹತ್ತಿದ್ದಳು. ಮೂರು ದಿನದಿಂದ ನಾನು ಅವಳ ಕಡೆ ನೋಡಿರಲಿಲ್ಲ, ನೋಡುವ ಮುಖ ನನಗಿರಲಿಲ್ಲ. ಹಿಂದಿನ ಚಳಿಗಾಲ ಅವರ ಕುರಿ ನಮ್ಮ ಹೊಲದಲ್ಲಿ ತರುಬಿದ್ದವು. ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ಕೂಡಿಸಿದರೆ ನಾವು ಅವರಿಗೆ ಜೋಳ ಕೊಡುವುದು ರೂಢಿ. ಆ ಜೋಳ ಕೇಳಲು ಬಂದವಳು ಸೀದಾ ಅಂಗಳಕ್ಕೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಿದ್ದಳು. ಒಲೆಯ ಮುಂದಿದ್ದ ನಾನು ಎದ್ದು ಬಂದು, "ಇದೇನ ಸಂತೀ ಪ್ಯಾಟಿ ಐತೇನ? ಗೇಟಿನ ಹೊರಗ ನಿಂದ್ರು. ಒದರಬ್ಯಾಡ. ನಾವ ನೋಡಿದಾಗ ಬರ್ತೀವಿ" ಎಂದು ಹತ್ತು ಮಂದಿಯ ಎದುರು ಅಂದಿದ್ದೆ. ಅವಳು ಹೋಗಿ ಗೇಟಿನಾಚೆ ಬಿಸಿಲಲ್ಲಿ ನಿಂತಿದ್ದಳು. ನಾನು ಬೇಕೆಂದೇ ತಡ ಮಾಡಿದ್ದೆ. ನನ್ನ ಬುದ್ಧಿ ಹಾಗಿತ್ತು.

"ಅಕ್ಕಾರ," ಎಂದಳು ಈಗ, "ಕಾಗವಾಡದಾಗ ನಿಮ್ಮ ಮಂದಿ ಮನಿ ರಗಡ ಅದಾವ. ಅವರು ಹೊತ್ತ ಇರತಾನ ಅಡಗಿ ಮಾಡ್ತಾರಲ್ರಿ. ನಾ ಹೋಗಿ ಇಸಗೊಂಡ ಬರ್ತೀನಿ. ಆಯಿಗೆ ನಮ್ಮ ಕೈ ಅಡಗಿ ನಡ್ಯಾಂಗಿಲ್ಲ, ಗೊತ್ತೈತಿ ನನಗ."

"ಮೂರು ಮೈಲಿ ಐತಿ. ರಸ್ತಾದ ಮ್ಯಾಲ ಮಣಕಾಲಮಟಾ ನೀರ ಐತಿ."

"ಕುರಿ ಹಿಂದ ಅಡ್ಡ್ಯಾಡಿದ ಕಾಲ ಅದಾವ್ರಿ ಇವು" ಎಂದಳು. ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಒಂದು ಒಳ್ಳೆಯ ಮಾತು ಹುಡುಕುವಷ್ಟರಲ್ಲಿ ಗೇಟು ದಾಟಿದ್ದಳು.

ಹೋಗಲು ಒಂದೂವರೆ ತಾಸು, ಬರಲು ಒಂದೂವರೆ. ಹೊತ್ತಿರುವಾಗಲೇ ಬರುತ್ತಾಳೆ ಎಂದು ಲೆಕ್ಕ ಹಾಕಿದೆ. ಅತ್ತೆಯ ಹಣೆಗೆ ಒದ್ದೆ ಬಟ್ಟೆ ಹಾಕುವುದು, ಗೇಟಿಗೆ ಹೋಗುವುದು, ಮತ್ತೆ ಬರುವುದು. ಮಳೆ ನಿಂತಿತ್ತು. ಪಡುವಣದಲ್ಲಿ ಮೋಡ ಒಂದಿಷ್ಟು ಹರಿದು, ಸೂರ್ಯ ನೀರಿನ ಮೇಲೆ ಕೆಂಪಗೆ ಕಂಡ. ಎರಡು ದಿನದಿಂದ ಅವನು ಕಾಣಲಿ ಎಂದು ಕಾದವಳು ಈಗ ಅವನಿಗೇ ಶಾಪ ಹಾಕಿದೆ. ಏನವಸರ ಇವನಿಗೆ? ಒಂದು ದಿನ ತಡವಾಗಿ ಹೋದರೆ ಯಾರು ಕೇಳುತ್ತಾರೆ? ರಸ್ತೆಯಲ್ಲಿ ಯಾರೋ ಬಂದಂತೆ ಕಂಡು ಕುಂಟುತ್ತ ಓಡಿದರೆ ಯಾರದೋ ಆಕಳು. ದಾರಿಯಲ್ಲಿ ಬಿದ್ದಳೇನೋ ಅನಿಸಿತು. ನನ್ನಂಥವಳಿಗಾಗಿ ಅವಳೇಕೆ ನೀರು ತುಳಿಯಬೇಕು, ಮರಡಿಗೆ ಗಂಡನ ಹತ್ತಿರ ಹೋಗಿರಬೇಕು ಎಂದೂ ಅನಿಸಿತು. ಅನಿಸಿದ್ದನ್ನು ಹೇಳಲೇಬೇಕು.

ಸೂರ್ಯ ಮುಳುಗಿದ. ನನ್ನ ಕಣ್ಣೆದುರಿಗೇ ಮುಳುಗಿದ. ಒಳಗೆ ಬಂದು ಅತ್ತೆಯ ಪಕ್ಕ ಕೂತೆ. ಮುಖಗಳು ಮಸುಕಾದವು. ಶಾಲೆಯ ಮುದುಕ ಸಿಪಾಯಿ ಗ್ಯಾಸಬತ್ತಿ ತಂದು ಪಡಸಾಲೆಯ ನಡುವೆ ಇಟ್ಟು, ಗಾಳಿ ಹೊಡೆದು, ಕಡ್ಡಿ ಗೀರಿದ.

"ಕಾಕಾ, ಹಚ್ಚಬ್ಯಾಡ್ರಿ!"

ಬಾಗಿಲಲ್ಲಿ ಅವಳು. ಸೊಂಟದವರೆಗೆ ಕೆಸರು, ತಲೆಯ ಮೇಲೆ ಡಬ್ಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ತಂಬಿಗೆ ಕೈಯಲ್ಲಿ. ಸಿಪಾಯಿ ಅವಳನ್ನು ನೋಡಿದ, ಅತ್ತೆಯನ್ನು ನೋಡಿದ, ಉಫ್ ಎಂದು ಕಡ್ಡಿ ಆರಿಸಿದ. ಒಳಕೋಣೆಯಲ್ಲಿ ಯಾರೋ ಕಂದೀಲು ಹಚ್ಚಿದ್ದರು. "ಏ, ಆರಸ್ರಿ ಅದನ್ನ" ಎಂದು ಒಂದು ಗಂಡಸಿನ ದನಿ ಕೇಳಿತು. ಅದೂ ಆರಿತು. ಯಾಕೆ ಎಂದು ಯಾರೂ ಕೇಳಲಿಲ್ಲ. ಮೂರು ದಿನದಿಂದ ನನ್ನ ಜಗಳ ಕೇಳಿದ್ದ ಮಂದಿ, ದೀಪ ಹಚ್ಚಿದರೆ ಅತ್ತೆಗೆ ರಾತ್ರಿಯಾದಂತೆ ಎಂದು ಎಲ್ಲರಿಗೂ ಗೊತ್ತಿತ್ತು.

ಅವಳು ನನ್ನ ಕಿವಿಯ ಹತ್ತಿರ ಬಗ್ಗಿ, "ತಪ್ಪಾತ್ರಿ ಅಕ್ಕಾರ. ಅವರ ಮನಿ ಗೇಟಿನ ಹೊರಗ ನಿಂತಿದ್ದೆ. ಒದರಬಾರದಲ್ರಿ? ನೋಡಿದಾಗ ಬರ್ತಾರ ಅಂತ ನಿಂತೆ. ಭಾಳ ಹೊತ್ತ ಯಾರೂ ನೋಡಲೇ ಇಲ್ಲ. ನೋಡಿದ ಮ್ಯಾಲ ಪಾಪ, ಬಿಸಿ ಅನ್ನ ಮಾಡಿ ಕೊಟ್ಟರು" ಎಂದಳು.

ಅವಳು ನನ್ನನ್ನು ಚುಚ್ಚಲು ಹೇಳಲಿಲ್ಲ. ದೊಡ್ಡವರ ಮನೆಯ ಮುಂದೆ ಹೇಗೆ ನಿಲ್ಲಬೇಕೆಂದು ನಾನು ಕಲಿಸಿದ್ದೆ, ಹಾಗೆ ನಿಂತಿದ್ದಳು, ಅಷ್ಟೇ. ನಾನು ನಾಚಿಕೆಯಿಂದ ಸತ್ತುಹೋದೆ. ಇಷ್ಟು ವರ್ಷವಾದರೂ ಆ ಮಾತು ನೆನಪಾದರೆ ಮಲಗಿದಲ್ಲಿಂದ ಎದ್ದು ಕೂರುತ್ತೇನೆ.

ಅತ್ತೆ ಎಚ್ಚರಾದರು. "ಹೊತ್ತ ಮುಳಗೇತೇನ?" ಎಂದರು.

ಕೇಳಿದ್ದು ನನ್ನನ್ನು. ಇಡೀ ಊರಿಗೆ ಬಾಯಿ ಮಾಡುವ ನನಗೆ ನಾಲಿಗೆ ಹೊರಳಲಿಲ್ಲ. ಹೂಂ ಎಂದರೆ ಅವರು ಉಳಿಯುವುದಿಲ್ಲ. ಇಲ್ಲ ಎಂದರೆ ಅವರ ಐವತ್ತು ವರ್ಷದ ನಿಯಮ ನನ್ನ ಸುಳ್ಳಿನಿಂದ ಮುರಿಯುತ್ತದೆ.

"ಇಲ್ರಿ ಆಯಿ," ಎಂದಳು ಕುರುಬರವಳು, "ಮೋಡ ಕವದೈತಿ. ಅದಕ್ಕ ಕತ್ತಲ ಆದಂಗ ಅನಸ್ತೈತಿ. ಹೊತ್ತ ಇನ್ನಾ ಐತ್ರಿ."

ಅತ್ತೆ ಆ ದನಿ ಬಂದ ಕಡೆ ತಿರುಗಿ ನೋಡಿದರು. ಆಮೇಲೆ ನನ್ನ ತೋಳು ಹಿಡಿದು ಎದ್ದು ಕೂತರು. ನಾನು ಡಬ್ಬಿ ಬಿಚ್ಚಿದೆ. ಮೆತ್ತಗಿನ ಅನ್ನ, ಹೆಸರುಬೇಳೆ, ಮೇಲೆ ತುಪ್ಪ. ಕಸುವಿಲ್ಲದೆ ಅವರ ಮೊದಲ ತುತ್ತು ಸೀರೆಯ ಮೇಲೆ ಬಿತ್ತು. ಕತ್ತಲಲ್ಲಿ ನಾನು ಅದನ್ನು ತಡಕಿ ಆಯತೊಡಗಿದೆ.

"ಆಯಿ, ನಾ ಮುಟ್ಟಲ್ರಿ?" ಎಂದಳು ಅವಳು, ತಂಬಿಗೆಯ ನೀರಲ್ಲಿ ಕೈ ತೊಳೆದುಕೊಳ್ಳುತ್ತ.

ಅತ್ತೆ ಬಾಯಿ ತೆರೆದರು.

ಕತ್ತಲಲ್ಲಿ ನನಗೆ ಅವಳ ಬಳೆಯ ಸದ್ದಷ್ಟೇ ಕೇಳುತ್ತಿತ್ತು, ಆಮೇಲೆ ಅತ್ತೆ ನುಂಗುವ ಸದ್ದು. ಯಾರದೋ ಕೂಸು ಅಳತೊಡಗಿತು, ತಾಯಿ ಅದನ್ನು ಎದೆಗೆ ಹಾಕಿಕೊಂಡು ಸುಮ್ಮನಾಗಿಸಿದಳು. ಇನ್ನೊಂದು ಮಗು, "ಯವ್ವಾ, ದೀಪಾ ಹಚ್ಚಬೇ" ಎಂದು ಪಿಸುಗುಟ್ಟಿತು. ಡಬ್ಬಿಯ ತಳ ಕೆರೆಯುವವರೆಗೂ ಯಾರೂ ಕಡ್ಡಿ ಗೀರಲಿಲ್ಲ. ನಾನು ಗುಳಿಗೆ ಕೊಟ್ಟೆ. ಅತ್ತೆ ಅದನ್ನು ನುಂಗಿ, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ಆ ಹೆಂಗಸಿನ ಒದ್ದೆ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಇನ್ನ ದೀಪಾ ಹಚ್ರೆಪ್ಪಾ. ಆಗಳಿಂದ ಹುಡುಗೂರು ಕತ್ತಲಾಗ ಅಂಜಾಕತ್ತಾವ."