ತಲೆಗೆ ತೂತು ಬೇಡವೆಂದ ನಮ್ಮ ಭಾವ

ನಮ್ಮ ಭಾವ ಗಿಟಾರ್ ಮಾಡುತ್ತಾರೆ, ನುಡಿಸುವುದಿಲ್ಲ. ನುಡಿಸಲು ಬರುವುದಿಲ್ಲವೆಂದು ಅವರು ಎಂದೂ ಒಪ್ಪಿಕೊಂಡವರಲ್ಲ, ಬಿಡುವಿಲ್ಲ ಎನ್ನುತ್ತಾರೆ. ಮೂವತ್ತೊಂದು ವರ್ಷದಿಂದ ಅವರಿಗೆ ಬಿಡುವಾಗಿಲ್ಲ. ಮನೆಯಲ್ಲಿ ನುಡಿಸುವವಳು ನನ್ನ ಅಕ್ಕ.

ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಬಾಗಿಲು ತೆಗೆದರೆ ಅಂಟಿನ ವಾಸನೆ, ನೆಲದ ತುಂಬ ಮರದ ಹುಡಿ, ಕಿಟಕಿಯ ಸರಳಿಗೆ ಸಾಲಾಗಿ ಕಚ್ಚಿಕೊಂಡ ಕ್ಲಾಂಪುಗಳು. ಪಕ್ಕದ ಬೀದಿಯಲ್ಲಿ ನನ್ನದು ಹೊಲಿಗೆ ಯಂತ್ರದ ರಿಪೇರಿ ಅಂಗಡಿ. ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ ಮಾಡುವುದು ನನ್ನ ಹಕ್ಕು; ಭಾವನ ಉಪನ್ಯಾಸ ಕೇಳುವುದು ಅದಕ್ಕೆ ತೆರಬೇಕಾದ ದಂಡ.

ಉಪನ್ಯಾಸದ ವಿಷಯ ಸದಾ ಒಂದೇ. ತಂತಿಗಳು ಎಳೆದೂ ಎಳೆದೂ ಗಿಟಾರಿನ ಕತ್ತು ಕಾಲಕ್ರಮೇಣ ಬಾಗುತ್ತದೆ, ತಂತಿಗಳು ಮೇಲೇಳುತ್ತವೆ, ಒತ್ತಲು ಬೆರಳಿಗೆ ಹೆಚ್ಚು ಬಲ ಬೇಕಾಗುತ್ತದೆ. ಅದಕ್ಕೆಂದೇ ಕತ್ತಿನೊಳಗೆ ಒಂದು ಉಕ್ಕಿನ ಸರಳು, ಟ್ರಸ್ ರಾಡ್, ಇರುತ್ತದೆ. ಅದರ ತುದಿಯ ನಟ್ಟನ್ನು ಕೀಲಿ ಹಾಕಿ ತಿರುಗಿಸಿದರೆ ಕತ್ತು ಮತ್ತೆ ನೆಟ್ಟಗಾಗುತ್ತದೆ. ಆ ನಟ್ಟು ಎಲ್ಲಿರಬೇಕು? ತಂತಿ ಬಿಗಿಯುವ ಬಿರಡೆಗಳಿರುವ ತಲೆಯ ಬಳಿ ಇಟ್ಟು ಸಣ್ಣ ಮುಚ್ಚಳ ಹಾಕಬಹುದು, ಯಾರು ಬೇಕಾದರೂ ತಿರುಗಿಸಬಹುದು. ಇಲ್ಲವೇ ಹೊಟ್ಟೆಯೊಳಗೆ ಅಡಗಿಸಿ, ಮುಂದಿನ ದುಂಡು ಬಾಯಿಯಿಂದ ಉದ್ದದ ಕೀಲಿ ತೂರಿಸಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ.

ತಲೆಗೆ ತೂತು ಕೊರೆದರೆ ಅಲ್ಲಿ ಕತ್ತು ಸಣ್ಣಗಾಗುತ್ತದೆ, ಬಿದ್ದರೆ ಮುರಿಯುತ್ತದೆ ಎಂಬುದು ಭಾವನ ವಾದ. ಅದು ಸುಳ್ಳಲ್ಲ. ಆದರೆ ಅವರ ಸಂಕಟ ಬೇರೆ. ತಮ್ಮ ಕೈಯಿಂದ ಬಂದದ್ದನ್ನು ಮುಂದೊಂದು ದಿನ ತಿದ್ದಬೇಕಾದೀತು ಎಂಬ ಮಾತೇ ಅವರಿಗಾಗದು. ತಾವೇ ಮಾಡಿದ ಕಪಾಟಿನ ಬಾಗಿಲು ಕೂರದಿದ್ದಾಗ ಗೋಡೆ ಡೊಂಕು ಎಂದವರು ಅವರು.

“ತಿರುಗಿಸೋ ಜಾಗ ಎದುರಿಗಿಟ್ರೆ, ಇದು ಕೆಡುತ್ತೆ ಅಂತ ಬೋರ್ಡ್ ಬರೆದು ಹಾಕಿದ ಹಾಗೆ ಕಣೋ,” ಎನ್ನುತ್ತಿದ್ದರು.

ಎಣ್ಣೆ ಬಿಡುವ ತೂತು ಕಣ್ಣಿಗೆ ಕಾಣುವ ಯಂತ್ರವೇ ಒಳ್ಳೆಯ ಯಂತ್ರವೆಂದು ನಾನು ಹೇಳಿ ಹೇಳಿ ಸಾಕಾಗಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ಎರಡು ವರ್ಷದ ಹಿಂದೆ ಅಕ್ಕನ ಬೆರಳ ಗಂಟುಗಳು ಊದಿಕೊಂಡವು. ಬೆರಳಾಡಿಸುತ್ತಿರಿ, ಆದರೆ ಬಲವಾಗಿ ಒತ್ತಬೇಡಿ ಎಂದರು ಡಾಕ್ಟರು. ಅವಳ ಹಳೆಯ ಫ್ಯಾಕ್ಟರಿ ಗಿಟಾರಿನ ತಂತಿಗಳು ಎದ್ದು ನಿಂತಿದ್ದವು. ಅದನ್ನು ಮುಟ್ಟುವುದು ತಮ್ಮ ಘನತೆಗೆ ಕಡಿಮೆ ಎಂದ ಭಾವ ಅದನ್ನು ಅಟ್ಟಕ್ಕೆ ಕಳಿಸಿ, ಹೊಸದೊಂದನ್ನು ತಾವೇ ಮಾಡಿಕೊಡುವುದಾಗಿ ಘೋಷಿಸಿದರು. ಮದುವೆಯಾದ ಮೇಲೆ ಹೆಂಡತಿಗೆಂದು ಮಾಡಿದ ಮೊದಲ ಗಿಟಾರ್. ಮೆಲ್ಲಗೆ ಒತ್ತಿದರೂ ನುಡಿಯಬೇಕು, ಅಷ್ಟೇ ಸಾಕು ಎಂದಳು ಅಕ್ಕ. ಅದೂ ಆಗದಿದ್ದರೆ ನುಡಿಸುವುದನ್ನೇ ಬಿಡಬೇಕಾಗುತ್ತದೆಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಹನ್ನೊಂದು ತಿಂಗಳು ಹಿಡಿಯಿತು. ಗಿಟಾರನ್ನು ಬೋರಲು ಮಲಗಿಸಿ ಕಟ್ಟಿ, ಬೆನ್ನಿನ ಹಲಗೆಯನ್ನು ಕೊನೆಯಲ್ಲಿ ಮುಚ್ಚುವುದು ಭಾವನ ಕ್ರಮ. ಮುಚ್ಚುವ ಮೊದಲು ನನ್ನನ್ನು ಕರೆಸಿ, ತೆರೆದ ಬೆನ್ನಿನಿಂದ ಕೀಲಿ ಹಾಕಿ, ನಟ್ಟು ಬೆಣ್ಣೆಯ ಹಾಗೆ ತಿರುಗುವುದನ್ನು ತೋರಿಸಿದರು. ನಾನು ಸೋತ ಮುಖ ಮಾಡಿಕೊಂಡು ಊಟ ಮುಗಿಸಿದೆ. ಬೆನ್ನು ಮುಚ್ಚಿ ಪಾಲಿಶ್ ಆಯಿತು. ಗಿಟಾರ್ ನಿಜಕ್ಕೂ ಚೆಂದವಿತ್ತು, ಹೊಟ್ಟೆಕಿಚ್ಚಾಗುವಷ್ಟು.

ಮೂರು ತಿಂಗಳಲ್ಲಿ ಕತ್ತು ಬಾಗಿತು. ಒಂದು ದಿನ ಭಾವ ಮರ ತರಲು ಹೋಗಿದ್ದಾಗ, ಯಂತ್ರದೊಳಗೆ ಇಣುಕಲು ಬಳಸುವ ನನ್ನ ಸಣ್ಣ ಕನ್ನಡಿಯನ್ನು ಗಿಟಾರಿನ ಬಾಯೊಳಗೆ ಬಿಟ್ಟು ನೋಡಿದೆ. ಬಾಯಿಗೂ ನಟ್ಟಿಗೂ ನಡುವೆ ದಪ್ಪನೆಯ ಅಡ್ಡಪಟ್ಟಿಯೊಂದು ಗೋಡೆಯಂತೆ ನಿಂತಿತ್ತು. ಕೀಲಿ ಹಾಯಲು ಅದರಲ್ಲಿ ಮೊದಲೇ ತೂತು ಬಿಡಬೇಕಿತ್ತು. ತೆರೆದ ಬೆನ್ನಿನಿಂದ ಪರೀಕ್ಷಿಸಿದ ಮಹಾಶಯರಿಗೆ ಪಟ್ಟಿ ಅಡ್ಡ ಬಂದಿರಲೇ ಇಲ್ಲ. ಪಟ್ಟಿಯ ಮೇಲೆ ಕೀಲಿ ತಾಗಿದ ಗೀರುಗಳಿದ್ದವು, ಒಂದಲ್ಲ, ಹತ್ತಾರು. ಎಂದರೆ ಭಾವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ನಾನೂ ಹೇಳಲಿಲ್ಲ. ಇಂಥ ಸಂಗತಿಯನ್ನು ಊಟದ ನಡುವೆ ಖರ್ಚು ಮಾಡಲು ಮನಸ್ಸಾಗಲಿಲ್ಲ, ಒಳ್ಳೆಯ ಸಭೆಗೆಂದು ಕಾದಿಟ್ಟೆ. ಅಟ್ಟದಿಂದ ಫ್ಯಾಕ್ಟರಿ ಗಿಟಾರ್ ಇಳಿಸಿ, ತಲೆಯ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿ, ಕೀಲಿ ತಿರುಗಿಸಿದೆ. ತಂತಿ ತಗ್ಗಿತು. ಭಾವ ಮುಂದಿನ ಕೋಣೆಯಲ್ಲಿ ಉಜ್ಜುತ್ತ ಕುಳಿತಾಗ ಅಕ್ಕ ಒಳಗೆ ಬಾಗಿಲು ಮುಂದೆ ಮಾಡಿಕೊಂಡು ಅದನ್ನೇ ನುಡಿಸತೊಡಗಿದಳು. ಭಾವನೆದುರು ಮಾತ್ರ ಹೊಸದನ್ನು ಎತ್ತಿಕೊಂಡು, ಒಂದೆರಡು ನಿಮಿಷ ಹಲ್ಲುಕಚ್ಚಿ ನುಡಿಸಿ, ಅಡುಗೆಯ ನೆಪ ಹೇಳಿ ಏಳುತ್ತಿದ್ದಳು.

ಕಾದಿದ್ದ ಸಭೆ ಸೇರಿತು. ಸಂಗೀತದ ಮೇಷ್ಟರೊಬ್ಬರು ಗಿಟಾರ್ ಮಾಡಿಸಲು ಬಂದರು. ನಟ್ಟು ತಲೆಯಲ್ಲೇ ಇರಲಿ, ರಿಪೇರಿಗೆ ಸುಲಭ ಎಂದರು. ಭಾವ ಉಪನ್ಯಾಸ ಆರಂಭಿಸಿದರು. ಅಷ್ಟರಲ್ಲಿ ಒಳಗಿನಿಂದ ಗಿಟಾರ್ ಕೇಳಿಸಿತು, ಹಗುರವಾಗಿ, ಸಲೀಸಾಗಿ.

“ಕೇಳಿ,” ಎಂದರು ಭಾವ, ಎದೆ ಉಬ್ಬಿಸಿ. “ಅದು ನಾನು ಮಾಡಿದ್ದು. ತಲೆಗೆ ತೂತಿಲ್ಲದೆ ಇರೋದಕ್ಕೇ ಹಾಗೆ ನುಡಿಯುತ್ತೆ.”

ನಾನು ಎದ್ದು ಹೋಗಿ ಒಳಬಾಗಿಲನ್ನು ಅಗಲಕ್ಕೆ ತೆರೆದೆ. ಅಕ್ಕನ ತೊಡೆಯ ಮೇಲೆ ಫ್ಯಾಕ್ಟರಿ ಗಿಟಾರ್. ಭಾವನ ಗಿಟಾರ್ ಗೋಡೆಯ ಮೇಲೆ ಹೊಳೆಯುತ್ತಿತ್ತು. ಮೇಷ್ಟರು ಪಾಪ, ಅಕ್ಕನ ಕೈಯಲ್ಲಿದ್ದ ಗಿಟಾರಿನ ತಲೆಯ ಮುಚ್ಚಳ ನೋಡಿ, ಇದರಲ್ಲಿ ತೂತಿದೆಯಲ್ಲ ಎಂದರು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಭಾವ ಒಳಗೆ ಬಂದರು. ಗೋಡೆಯ ಮೇಲಿನ ಗಿಟಾರ್ ಇಳಿಸಿ, ಕತ್ತಿನ ನಡುವೆ ತಮ್ಮ ತೋರುಬೆರಳಿನಿಂದ ತಂತಿ ಒತ್ತಿದರು. ಒತ್ತಿಯೇ ಇದ್ದರು. ಬೆರಳ ತುದಿ ಬಿಳಿಚಿತು, ಆಮೇಲೆ ಕೈ ತೆಗೆದು ಬೆರಳನ್ನು ನೋಡಿಕೊಂಡರು.

“ಎಷ್ಟು ದಿನದಿಂದ ನೋಯ್ತಿದೆ?”

“ಆಗಲೇ ಎರಡು ತಿಂಗಳಾಯ್ತು,” ಎಂದಳು ಅಕ್ಕ. “ನೀವು ಕೇಳಿದ್ದು ಇವತ್ತೇ.” ಆಮೇಲೆ ನನ್ನ ಕಡೆ ತಿರುಗಿದಳು. “ನಿನಗೂ ಗೊತ್ತಿತ್ತು. ನಾನು ಇವರೆದುರು ಕೂತು ಹಲ್ಲುಕಚ್ಚಿ ನುಡಿಸೋದನ್ನ ನೀನು ನೋಡ್ತಾ ಇದ್ದೆ, ಇವತ್ತಿನ ತಮಾಷೆಗೋಸ್ಕರ.”

ಗಾದೆ ಗಂಟಲಲ್ಲೇ ಉಳಿಯಿತು. ನನಗೆ ನಾಚಿಕೆಯಾಯಿತು. ಮತ್ತೆ ಬರುತ್ತೇನೆಂದು ಮೇಷ್ಟರು ಚಪ್ಪಲಿ ಹುಡುಕಿಕೊಂಡು ಹೊರಟರು.

ಭಾವ ತಂತಿ ಸಡಿಲಿಸಿ ಗಿಟಾರನ್ನು ಮೇಜಿನ ಮೇಲೆ ಮಲಗಿಸಿದರು. ನಾನು ಹೇಳಿಸಿಕೊಳ್ಳದೆ ಕನ್ನಡಿ ಹಿಡಿದೆ. ಗಿಡ್ಡ ಬೈರಿಗೆಯನ್ನು ಬಾಯೊಳಗೆ ತೂರಿಸಿ, ತಾವೇ ಅಂಟಿಸಿದ ಪಟ್ಟಿಗೆ ಬೆರಳಿನಿಂದ ತಿರುವಿ ತಿರುವಿ ತೂತು ಕೊರೆಯುವುದಕ್ಕೆ ಅವರಿಗೆ ಸಂಜೆಯವರೆಗೆ ಹಿಡಿಯಿತು. ಕೀಲಿ ಹೊಕ್ಕಿತು. ಕಾಲು ಸುತ್ತು ತಿರುಗಿಸಿ, ತಂತಿ ಬಿಗಿದು, ಗಿಟಾರನ್ನು ಅಕ್ಕನ ಕೈಗೆ ಕೊಟ್ಟು ಎದುರಿಗೆ ನಿಂತರು.

ಅಕ್ಕ ಒತ್ತಿ ನೋಡಿ ಹಿಂದಕ್ಕೆ ಕೊಟ್ಟಳು. “ಇನ್ನೂ ನೋಯುತ್ತೆ,” ಎಂದಳು.

ಗೋಡೆ ಡೊಂಕು ಎಂದಿದ್ದವರು ತಂತಿ ಸಡಿಲಿಸಿ ಮತ್ತೆ ಕೀಲಿ ತೆಗೆದುಕೊಂಡರು.